ನಾಲ್ಕು ಸೀಟಿನ ವಿಮಾನ, ನಾಲ್ಕು ತಾಲ್ಲೂಕಿನ ಹುಡುಗರು

ಇಂಡಿ,
ವಿಜಯಪುರ ಜಿಲ್ಲೆ

ಚಿರಂಜೀವಿ ತಮ್ಮಾ,

ಖಾಸಗಿ ಪೈಲಟ್ ಲೈಸನ್ಸ್ ನಿನ್ನ ಕೈಸೇರಿದ ಸುದ್ದಿ ತಿಳಿದ ದಿನ ನಿಮ್ಮವ್ವ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ನಿಮ್ಮಪ್ಪ ಲಿಂಬೆ ತೋಟದ ಆಳುಗಳಿಗೂ, ಸಂತೆಗೆ ಬಂದವರಿಗೂ ಒಂದೇ ಮಾತು ಹೇಳುತ್ತಿದ್ದಾನೆ: "ನಮ್ಮ ಹುಡುಗ ವಿಮಾನ ಹಾರಸ್ತಾನ." ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿ ದುಡಿದ ನಿನ್ನ ಕಾಕಾ ನಾನು, ಬೇರೆಯವರು ಹಾರಿಸುವ ವಿಮಾನಗಳನ್ನೇ ಸಜ್ಜು ಮಾಡಿ ನಿವೃತ್ತನಾದವನು. ನಮ್ಮ ಮನೆಯ ಮಗನೊಬ್ಬ ಪೈಲಟ್ ಕೂರುವ ಎಡಗಡೆಯ ಸೀಟಿನಲ್ಲಿ ಕೂತ ಎನ್ನುವುದು ನನಗೆ ಎಂಥ ಸಂತೋಷ ಎಂದು ಬರೆದು ತಿಳಿಸಲಾರೆ.

ನೀನು ಕಳಿಸಿದ ದೊಡ್ಡ ಸಂದೇಶವನ್ನು ನಿಧಾನವಾಗಿ ಓದಿದೆ. ಅಮೆರಿಕದ ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗಿ ಬರುವ ಯೋಚನೆ. ಬಾಡಿಗೆಗೆ ತರುವ ಸೆಸ್ನಾ 172ರಲ್ಲಿ ನಾಲ್ಕು ಸೀಟು. ಇಂಡಿಯವನು ನೀನು. ಜೊತೆಗೆ ಸಿಂದಗಿಯವನೊಬ್ಬ, ಮುದ್ದೇಬಿಹಾಳದವನೊಬ್ಬ, ಬಸವನ ಬಾಗೇವಾಡಿಯವನೊಬ್ಬ. ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕು ಒಂದೇ ವಿಮಾನದಲ್ಲಿ! ಓದಿ ಮನಸ್ಸು ತುಂಬಿತು. ಅದರ ಕೆಳಗೆ ಮೂರು ಪ್ರಶ್ನೆ ಕೇಳಿದ್ದೀಯ. ಖರ್ಚನ್ನು ನಾಲ್ವರೂ ಹಂಚಿಕೊಳ್ಳಬಹುದೇ? ಮುಂದಿನ ಸಲ ಸೀಟು ಖಾಲಿ ಇದ್ದರೆ ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದೇ? ವಿಜಯಪುರದ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಲ್ಲೂ ಹೀಗೆ ಗೆಳೆಯರನ್ನು ಹಾರಿಸಬಹುದೇ?

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೊದಲನೆಯದು ಆಗಬಹುದು, ನಿನ್ನ ಪಾಲನ್ನು ನೀನು ಕೊಟ್ಟರೆ. ಎರಡನೆಯದು ಬೇಡ. ಮೂರನೆಯದಕ್ಕೆ ಒಂದು ರೂಪಾಯಿಯನ್ನೂ ಮುಟ್ಟಬೇಡ.

ನಮ್ಮ ಕಡೆಯ ರೂಢಿಯಿಂದಲೇ ಶುರು ಮಾಡೋಣ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಹೊರಟಾಗ ನಾಲ್ಕು ಮನೆಯವರು ಒಬ್ಬನ ಬಿಳಿ ಬೋರ್ಡಿನ ಗಾಡಿಯಲ್ಲಿ ಹೋಗುತ್ತಾರೆ, ಡೀಸೆಲ್ಲಿಗೆ ಪಟ್ಟಿ ಹಾಕುತ್ತಾರೆ. ಗಾಡಿಯವನೂ ಅದೇ ಮಲ್ಲಯ್ಯನ ದರ್ಶನಕ್ಕೆ ಹೊರಟವನೇ, ಅವನದೂ ಒಂದು ಪಾಲು ಇರುತ್ತದೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಅದೇ ಮನುಷ್ಯ ಮರುದಿನ ಸಿಂದಗಿ ಬಸ್‌ಸ್ಟ್ಯಾಂಡಿನ ಮುಂದೆ ನಿಂತು "ಕಲಬುರ್ಗಿ, ಕಲಬುರ್ಗಿ, ಇನ್ನೆರಡು ಸೀಟು" ಎಂದು ಕೂಗಿದರೆ ಗಾಡಿ ಅದೇ, ಡ್ರೈವರ್ ಅವನೇ, ದುಡ್ಡೂ ಅಷ್ಟೇ ಇರಬಹುದು. ಆದರೆ ಅದು ಬಾಡಿಗೆ ಓಡಿಸುವ ಧಂದೆ ಆಯಿತು. ಅದಕ್ಕೆ ಹಳದಿ ಬೋರ್ಡು ಬೇಕು, ಪರ್ಮಿಟ್ ಬೇಕು, ಫಿಟ್‌ನೆಸ್ ಬೇಕು, ಬೇರೆ ವಿಮೆ ಬೇಕು. ಅಪಘಾತವಾದರೆ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆಯೂ ಅದೇ: ಈ ಜನ ನಿನ್ನವರೋ, ಬಾಡಿಗೆಯವರೋ?

ಅಮೆರಿಕದ ವಿಮಾನ ಕಾನೂನು ಎಳೆಯುವ ಗೆರೆಯೂ ಇಲ್ಲಿಯೇ ಇದೆ. ಖಾಸಗಿ ಪೈಲಟ್ ತನ್ನ ಪ್ರಯಾಣಿಕರ ಜೊತೆ ಖರ್ಚು ಹಂಚಿಕೊಳ್ಳಬಹುದು, ಆದರೆ ತಲಾ ಪಾಲಿಗಿಂತ ಕಡಿಮೆ ಅವನು ಕೊಡುವಂತಿಲ್ಲ. ಹಂಚಿಕೊಳ್ಳಬಹುದಾದ ಖರ್ಚೂ ನಾಲ್ಕೇ ಬಗೆಯದು: ಇಂಧನ, ಇಂಜಿನ್ ಆಯಿಲ್, ವಿಮಾನ ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ. ನಿನ್ನ ಹೆಡ್‌ಸೆಟ್ಟು, ಕ್ಲಬ್ಬಿನ ವರ್ಷದ ಚಂದಾ, ತರಬೇತಿಗೆ ಸುರಿದ ಹಣ ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ. ನಾಳೆ ನಿನ್ನದೇ ವಿಮಾನ ಕೊಂಡರೂ ಅದರ ರಿಪೇರಿ, ವಿಮೆ, ಹ್ಯಾಂಗರ್ ಬಾಡಿಗೆಯನ್ನು ಗೆಳೆಯರ ಮೇಲೆ ಹಾಕುವಂತಿಲ್ಲ. ಬಾಡಿಗೆ, ಶುಲ್ಕ ಎಲ್ಲ ಸೇರಿ 600 ಡಾಲರ್ ಆಯಿತೆನ್ನು. ನಾಲ್ವರು ಇದ್ದೀರಿ. ನಿನ್ನ ಕಿಸೆಯಿಂದ 150 ಡಾಲರ್ ಹೋಗಲೇಬೇಕು. ಹೆಚ್ಚು ಕೊಟ್ಟರೆ ನಿನ್ನ ದೊಡ್ಡಸ್ತಿಕೆ, 149 ಕೊಟ್ಟರೆ ಕಾನೂನು ಮುರಿದಂತೆ.

"ದುಡಿಯುವುದು ನಾನು, ಜವಾಬ್ದಾರಿ ನನ್ನದು, ಪೂರ್ತಿ ಖರ್ಚು ಅವರೇ ಕೊಡಲಿ, ನಾನೇನೂ ಲಾಭ ಮಾಡುತ್ತಿಲ್ಲವಲ್ಲ" ಎಂದು ನಿನ್ನ ಮನಸ್ಸಿಗೆ ಬರಬಹುದು. ಅಮೆರಿಕದ ವಿಮಾನಯಾನ ಇಲಾಖೆ ಅದನ್ನೂ ಒಪ್ಪುವುದಿಲ್ಲ. ನೀನು ಪುಕ್ಕಟೆಯಾಗಿ ಗಳಿಸುವ ಹಾರಾಟದ ಗಂಟೆಗಳೇ ನಿನಗೆ ಸಂದ ಪ್ರತಿಫಲ ಎಂದು ಅದು ಎಣಿಸುತ್ತದೆ. ಮುಂದೆ ದೊಡ್ಡ ಲೈಸನ್ಸಿಗೆ ಆ ಗಂಟೆಗಳೇ ಬೇಕಲ್ಲ, ಅವಕ್ಕೆ ಬೆಲೆ ಇದ್ದೇ ಇದೆ.

ಪಾಲಿನಷ್ಟೇ ಮುಖ್ಯವಾದ ಇನ್ನೊಂದು ಷರತ್ತು ಉದ್ದೇಶದ್ದು. ಹಾರುವ ಕಾರಣ ನಿನಗೂ ಅವರಿಗೂ ಒಂದೇ ಆಗಿರಬೇಕು. ಕ್ಯಾನಿಯನ್ ನೋಡುವ ಆಸೆ ನಾಲ್ವರಿಗೂ ಇದೆ, ಅವರು ಬರದಿದ್ದರೂ ನೀನು ಹೋಗುವವನೇ ಎಂದಾದರೆ ಸರಿ. ಬಾಗೇವಾಡಿಯ ಗೆಳೆಯನಿಗೆ ಲಾಸ್ ವೇಗಸ್‌ನಲ್ಲಿ ಕಂಪನಿಯ ಕೆಲಸ, ನಿನಗೆ ಅಲ್ಲೇನೂ ಇಲ್ಲ, ಅವನನ್ನು ಬಿಟ್ಟು ಬರಲು ಹೋಗುತ್ತೀಯ, ಅವನು ಅರ್ಧ ಖರ್ಚು ಕೊಡುತ್ತಾನೆ ಎಂದಾದರೆ ನೀನು ಟ್ಯಾಕ್ಸಿಯವನಾದೆ. ಪ್ರತಿ ಸಲ ಇಂಜಿನ್ ಶುರು ಮಾಡುವ ಮೊದಲು "ಇವರು ಬರದಿದ್ದರೆ ಇವತ್ತು ನಾನು ಹೊರಡುತ್ತಿದ್ದೆನೇ?" ಎಂದು ಮನಸ್ಸನ್ನು ಕೇಳು. ನಿಜವಾದ ಉತ್ತರ ನಿನಗಷ್ಟೇ ಗೊತ್ತಿರುತ್ತದೆ.

ವಾಟ್ಸಾಪ್ ಗುಂಪಿನಲ್ಲಿ ಯಾಕೆ ಹಾಕಬಾರದು ಎನ್ನುವುದೂ ಇದರಿಂದಲೇ ತಿಳಿಯುತ್ತದೆ. ನೂರಾರು ಜನರಿರುವ ಗುಂಪಿನಲ್ಲಿ "ಶನಿವಾರ ಒಂದು ಸೀಟು ಖಾಲಿ ಇದೆ, ತಲಾ ಇಷ್ಟು" ಎಂದು ಬರೆದರೆ ಅದು ಬಸ್‌ಸ್ಟ್ಯಾಂಡಿನ ಮುಂದೆ ನಿಂತು ಕೂಗಿದಂತೆಯೇ ಆಯಿತು. ಅವರೆಲ್ಲ ಕನ್ನಡಿಗರೇ ಇರಬಹುದು, ರಾಜ್ಯೋತ್ಸವದಲ್ಲಿ ಜೊತೆ ಕೂತು ಉಂಡವರೂ ಇರಬಹುದು. ಆದರೂ ಯಾರು ಬಂದರೂ ಸರಿ, ದುಡ್ಡು ಕೊಟ್ಟರೆ ಸಾಕು ಎಂಬ ಧ್ವನಿ ಅದರಲ್ಲಿದೆ. ಅಮೆರಿಕದಲ್ಲಿ ಫ್ಲೈಟ್‌ನೌ ಎಂಬ ಕಂಪನಿ ಇದನ್ನೇ ಇಂಟರ್‌ನೆಟ್ಟಿನಲ್ಲಿ ಮಾಡಿತ್ತು. ಪೈಲಟ್‌ಗಳು ತಮ್ಮ ಪ್ರಯಾಣವನ್ನು ಹಾಕುವುದು, ಅಪರಿಚಿತರು ಬಂದು ಪಾಲು ಕೊಟ್ಟು ಸೇರಿಕೊಳ್ಳುವುದು. 2014ರಲ್ಲಿ ಇಲಾಖೆ ಬೇಡ ಎಂದಿತು. ಕಂಪನಿ ಕೋರ್ಟಿಗೆ ಹೋಯಿತು. 2015ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಯುರೋಪಿನವರು ಬೇರೆ ದಾರಿ ಹಿಡಿದಿದ್ದಾರೆ. ಪೈಲಟ್ ಸೇರಿ ಆರು ಜನರವರೆಗೆ ಆ ಹಾರಾಟದ ನೇರ ಖರ್ಚು ಹಂಚಿಕೊಳ್ಳಲು ಬಿಟ್ಟಿದ್ದಾರೆ, ಅದನ್ನು ಹೊಂದಿಸಿಕೊಡುವ ವಿಂಗ್ಲಿಯಂಥ ಕಂಪನಿಗಳೂ ಅಲ್ಲಿ ನಡೆಯುತ್ತಿವೆ. ಆದರೆ ನೀನಿರುವುದು ಅರಿಜೋನಾದಲ್ಲಿ. ಯುರೋಪಿನ ಮಾತು ಅಲ್ಲಿ ನಡೆಯದು.

ಇಷ್ಟೂ ಕಾನೂನಿನ ಮಾತು. ನನ್ನ ನಿಜವಾದ ಕಾಳಜಿ ಕಾನೂನಿನದಲ್ಲ.

ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಫಾರ್ಮ್ 700 ಎಂಬ ದಾಖಲೆ ಇರುತ್ತದೆ. ವಿಮಾನವನ್ನು ಸಜ್ಜು ಮಾಡಿದ ನಾವು ಅದರಲ್ಲಿ ಸಹಿ ಮಾಡಬೇಕು, ಪೈಲಟ್ ನೋಡಿ ತಾನೂ ಸಹಿ ಮಾಡಿ ವಿಮಾನವನ್ನು ಒಪ್ಪಿಕೊಳ್ಳಬೇಕು. ಆ ಸಹಿ ಹಾಕುವಾಗ ಹೊರಗೆ ಎಂಥ ಅಧಿಕಾರಿ ಕಾಯುತ್ತಿದ್ದಾನೆ, ಎಷ್ಟು ತಡವಾಗಿದೆ ಎನ್ನುವುದು ಮನಸ್ಸಿನಲ್ಲಿ ಇರಬಾರದು ಎಂದು ನಮಗೆ ಕಲಿಸಿದ್ದರು. ಅನುಮಾನವಿದ್ದರೆ ಸಹಿ ಇಲ್ಲ. ಆ ಶಿಸ್ತು ಕಲಿಸುವುದು "ಬೇಡ" ಎನ್ನುವ ಧೈರ್ಯವನ್ನು. ಪೈಲಟ್‌ನ ಕೈಯಲ್ಲಿರುವ ದೊಡ್ಡ ಅಧಿಕಾರವೂ ಅದೇ. ಪ್ರಯಾಣಿಕರ ದುಡ್ಡು ಮೊಟ್ಟಮೊದಲು ಕೈ ಹಾಕುವುದು ಆ ಧೈರ್ಯಕ್ಕೆ. ಗೆಳೆಯರು ರಜೆ ಹಾಕಿದ್ದಾರೆ, 150 ಡಾಲರ್ ಕೊಟ್ಟಿದ್ದಾರೆ, ಮನೆಯಲ್ಲಿ ಹೇಳಿ ಬಂದಿದ್ದಾರೆ, ಹಾಕಲು ಫೋಟೋಗಳನ್ನೂ ಯೋಚಿಸಿಟ್ಟಿದ್ದಾರೆ. ಗಾಳಿ ಸ್ವಲ್ಪ ಜೋರಾಗಿದೆ. ಆಗ "ಇವತ್ತು ಬೇಡ" ಎಂಬ ಮಾತು ಗಂಟಲಲ್ಲೇ ನಿಲ್ಲುತ್ತದೆ.

ನಿನ್ನ ಪ್ರಯಾಣದ ಲೆಕ್ಕವನ್ನೇ ನೋಡು. ಸೆಸ್ನಾ 172ಕ್ಕೆ ನಾಲ್ಕು ಸೀಟಿದೆ ಎಂದ ಮಾತ್ರಕ್ಕೆ ನಾಲ್ಕು ಜನ, ಸಾಮಾನು, ತುಂಬಿದ ಟ್ಯಾಂಕು ಎಲ್ಲವನ್ನೂ ಅದು ಹೊರುತ್ತದೆ ಎಂದಲ್ಲ. ಜನ, ಸಾಮಾನು, ಇಂಧನ ಸೇರಿ ಅದು ಹೊರುವುದು ಸುಮಾರು 400 ಕಿಲೋ. ಟ್ಯಾಂಕು ತುಂಬಿಸಿದರೆ ಇಂಧನವೇ ಹತ್ತಿರ ಹತ್ತಿರ 145 ಕಿಲೋ. ಉಳಿಯುವುದು 255 ಕಿಲೋ. ನೀವು ನಾಲ್ವರೂ ಜೋಳದ ರೊಟ್ಟಿ ತಿಂದು ಬೆಳೆದವರು, ತಲಾ 75 ಕಿಲೋ ಹಿಡಿದರೂ 300 ಆಯಿತು, ಬ್ಯಾಗುಗಳು ಬೇರೆ. ಹಾಗಾದರೆ ಇಂಧನ ಕಡಿಮೆ ಹಾಕಿಸಬೇಕು, ಇಲ್ಲವೇ ಒಬ್ಬನನ್ನು ಬಿಡಬೇಕು. ಇಂಧನ ಕಡಿಮೆ ಮಾಡಿದರೆ ನಡುವೆ ಇಳಿದು ತುಂಬಿಸಿಕೊಳ್ಳುವ ಯೋಜನೆ ಬೇಕು. ಒಬ್ಬನನ್ನು ಬಿಟ್ಟರೆ ಖರ್ಚು ಮೂರೇ ಪಾಲು, ತಲಾ 200. ಇಲ್ಲಿಯೇ ದುಡ್ಡು ಪಿಸುಗುಟ್ಟುತ್ತದೆ: ಹೆಂಗೋ ಆಗತದ, ನಾಲ್ಕೂ ಜನ ಹೋಗೋಣ. ನಿನ್ನ ವಿಮಾನದ ಕೈಪಿಡಿಯಲ್ಲಿರುವ ತೂಕದ ಅಂಕಿ ತೆಗೆದುಕೊಂಡು, ಗೆಳೆಯರನ್ನು ತಕ್ಕಡಿಯ ಮೇಲೆ ನಿಲ್ಲಿಸಿಯೇ ಲೆಕ್ಕ ಮಾಡು. ಬಾಯಿಮಾತಿನ ತೂಕ ಯಾವಾಗಲೂ ಕಡಿಮೆಯೇ ಇರುತ್ತದೆ.

ಇನ್ನು ಬಿಸಿಲು. ಗ್ರ್ಯಾಂಡ್ ಕ್ಯಾನಿಯನ್ ನಿಲ್ದಾಣ ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಮೇಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, 3,000 ಮೀಟರ್ ಎತ್ತರದಲ್ಲಿ ಇದ್ದಂತೆ ಇಂಜಿನ್ನು ಏದುಸಿರು ಬಿಡುತ್ತದೆ, ರೆಕ್ಕೆಗೂ ಹಿಡಿತ ಸಾಲದು. ಓಡುದಾರಿ ಉದ್ದ ಬೇಕಾಗುತ್ತದೆ, ಮೇಲೇರುವುದು ನಿಧಾನವಾಗುತ್ತದೆ. ನಮ್ಮ ವಿಜಯಪುರವೇನು ಕಡಿಮೆ? ಸುಮಾರು 600 ಮೀಟರ್ ಎತ್ತರದ ಊರು. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯಲ್ಲಿ ವಿಮಾನದ ಪಾಲಿಗೆ ಅದು 1,600 ಮೀಟರಿನ ಊರಾಗುತ್ತದೆ. ಮುಂಜಾನೆ ತಂಪಿನಲ್ಲೇ ಹೋಗಿ ಬಾ. ಗೆಳೆಯರು ತಡವಾಗಿ ಎದ್ದು, ಉಪ್ಪಿಟ್ಟು ತಿಂದು, ಹತ್ತು ಗಂಟೆಗೆ ಬಂದರೆ ಕಾರಿನಲ್ಲೇ ಕರೆದುಕೊಂಡು ಹೋಗು.

ಒಂದು ದುಃಖದ ಸಂಗತಿ ಹೇಳಬೇಕು. 2019ರ ಜನವರಿ 21ರ ರಾತ್ರಿ ಫ್ರಾನ್ಸಿನ ನಾಂತ್ ಊರಿನಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟ ಒಂದೇ ಇಂಜಿನ್ನಿನ ಪೈಪರ್ ಮಾಲಿಬು ವಿಮಾನ ಇಂಗ್ಲಿಷ್ ಕಾಲುವೆಯಲ್ಲಿ ಬಿತ್ತು. ಅದರಲ್ಲಿದ್ದವನು ಅರ್ಜೆಂಟೀನಾದ ಫುಟ್ಬಾಲ್ ಆಟಗಾರ ಎಮಿಲಿಯಾನೊ ಸಾಲಾ, 28 ವರ್ಷದ ಹುಡುಗ. ಹಾರಿಸುತ್ತಿದ್ದವನ ಕೈಯಲ್ಲಿ ಇದ್ದದ್ದು ನಿನ್ನ ಬಳಿ ಇರುವಂಥದೇ ಖಾಸಗಿ ಲೈಸನ್ಸು. ದುಡ್ಡಿಗೆ ಜನರನ್ನು ಒಯ್ಯುವ ಅಧಿಕಾರ ಅವನಿಗಿರಲಿಲ್ಲ, ರಾತ್ರಿ ಹಾರುವ ಅರ್ಹತೆಯೂ ಇರಲಿಲ್ಲ. ಹವೆ ಕೆಟ್ಟಿತ್ತು. ಇಂಜಿನ್ನಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿ ಪೈಲಟ್‌ನನ್ನೂ ಬಾಧಿಸಿರಬಹುದು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ 2020ರಲ್ಲಿ ವರದಿ ಕೊಟ್ಟಿತು. ಸಾಲಾನ ದೇಹ ಸಿಕ್ಕಿತು, ಪೈಲಟ್‌ನದು ಸಿಗಲೇ ಇಲ್ಲ. ಆ ಹಾರಾಟವನ್ನು ಏರ್ಪಾಡು ಮಾಡಿದವನಿಗೆ 2021ರ ನವೆಂಬರಿನಲ್ಲಿ 18 ತಿಂಗಳ ಜೈಲಾಯಿತು. ಅದು ಪಾಲಿನ ಹಾರಾಟವಲ್ಲ, ಕಾಸಿಗೆ ಮಾಡಿದ ಹಾರಾಟ. ನಿನ್ನ ಗೆಳೆಯರ ವಿಷಯಕ್ಕೂ ಅದಕ್ಕೂ ಬಹಳ ಅಂತರವಿದೆ ಎಂದು ನನಗೂ ಗೊತ್ತು. ಆದರೆ ಆ ಅಂತರವನ್ನು ಕಾಯುವವನು ನೀನೊಬ್ಬನೇ. ಅದನ್ನು ಕಾಯಲು ಕಾಕ್‌ಪಿಟ್‌ನಲ್ಲಿ ಬೇರೆ ಯಾರೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ. ದುಡ್ಡನ್ನು ಹೋಗುವ ಮೊದಲು ತೆಗೆದುಕೊಳ್ಳಬೇಡ. ಬಂದಿಳಿದ ಮೇಲೆ ಬಿಲ್ಲು ಎಲ್ಲರ ಮುಂದಿಟ್ಟು, ಮೊದಲು ನಿನ್ನ ಪಾಲು ಇಟ್ಟು, ಆಮೇಲೆ ಅವರ ಪಾಲು ಕೇಳು. ಪ್ರಯಾಣ ರದ್ದಾದರೆ ಯಾರಿಗೂ ಏನೂ ಕೊಡುವ ಬಿಡುವ ಮಾತೇ ಬರುವುದಿಲ್ಲ, "ಬೇಡ" ಎನ್ನಲು ನಿನಗೆ ಸಲೀಸು. ಆಹ್ವಾನ ಕೊಡುವಾಗಲೇ ಹೇಳು: "ಹವೆ ಚೆನ್ನಾಗಿದ್ದರೆ ವಿಮಾನ, ಇಲ್ಲದಿದ್ದರೆ ಕಾರು." ಕಾರನ್ನೂ ಮೊದಲೇ ನಿಗದಿ ಮಾಡಿಡು. ಇದು ಏರ್‌ಲೈನ್ ಅಲ್ಲ, ಇಂಜಿನ್ ಒಂದೇ, ಪೈಲಟ್ ಒಬ್ಬನೇ, ಅವನೂ ಹೊಸಬ ಎನ್ನುವುದನ್ನು ಬಿಚ್ಚಿ ಹೇಳು. ಮುದ್ದೇಬಿಹಾಳದ ಹುಡುಗನಿಗೆ ಒಳಗೊಳಗೆ ಹೆದರಿಕೆ ಇರಬಹುದು, ಗೆಳೆಯರ ಮುಂದೆ ಹೇಳಲಾರ. ಅವನನ್ನು ಒಬ್ಬನನ್ನೇ ಕರೆದು ಕೇಳು. ಅವನು ಹಿಂದೆ ಸರಿದರೆ ಮರ್ಯಾದೆಯಿಂದ ಒಪ್ಪಿಕೋ. ಪ್ರಯಾಣಿಕರನ್ನು ಒಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಸಲ ಏರಿ ಇಳಿದಿರಬೇಕು ಎಂಬ ನಿಯಮ ನಿನಗೆ ಗೊತ್ತೇ ಇದೆ. ಅಷ್ಟು ಸಾಕೆಂದು ಕೂರಬೇಡ, ಅಷ್ಟು ಎತ್ತರದ ಆ ನಿಲ್ದಾಣಕ್ಕೆ ಮೊದಲೊಮ್ಮೆ ನಿನ್ನ ಶಿಕ್ಷಕರ ಜೊತೆ ಹೋಗಿ ಬಾ. ಅದರ ಖರ್ಚು ಪೂರ್ತಿ ನಿನ್ನದೇ ಇರಲಿ. ಬಾಡಿಗೆ ಕೊಡುವ ಕ್ಲಬ್ಬಿನ ವಿಮೆಯಲ್ಲಿ ಪಾಲಿನ ಹಾರಾಟದ ಬಗ್ಗೆ ಏನು ಬರೆದಿದೆ ಎಂದು ಕೇಳಿ ಓದಿಕೋ.

ಇನ್ನು ಊರಿನ ಮಾತು. ಬುರಣಾಪುರದ ಹತ್ತಿರ ಕಟ್ಟಿರುವ ವಿಮಾನ ನಿಲ್ದಾಣದ ಬಗ್ಗೆ ಇಲ್ಲಿ ಎಲ್ಲರಿಗೂ ಆಸೆ. 2019ರ ನವೆಂಬರ್ 22ರಂದು ಕಲಬುರ್ಗಿಯ ನಿಲ್ದಾಣ ಉದ್ಘಾಟನೆಯಾದಾಗಿನಿಂದ "ನಮ್ಮದು ಯಾವಾಗ?" ಎಂಬ ಮಾತು ಸಂತೆಯಲ್ಲೂ ಕೇಳಿಬರುತ್ತದೆ. ನೀನು ಭಾರತಕ್ಕೆ ಬಂದು, ಲೈಸನ್ಸನ್ನು ಇಲ್ಲಿಯ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಮಾಡಿಸಿಕೊಂಡು, ಗೆಳೆಯರನ್ನು ಕೂರಿಸಿಕೊಂಡು ಆಲಮಟ್ಟಿಯ ನೀರನ್ನೂ ಗೋಳಗುಮ್ಮಟವನ್ನೂ ಮೇಲಿನಿಂದ ತೋರಿಸುವ ದಿನ ಬಂದರೆ ನನ್ನಷ್ಟು ಸಂತೋಷಪಡುವವರು ಬೇರೆ ಇರಲಾರರು. ಆದರೆ ನಮ್ಮ ದೇಶದ 1937ರ ವಿಮಾನ ನಿಯಮಗಳು ಖಾಸಗಿ ಪೈಲಟ್ ಬಗ್ಗೆ ಬಹಳ ಖಡಕ್ಕಾಗಿವೆ. ಪ್ರಯಾಣಿಕರನ್ನು ಒಯ್ಯಬಹುದು, ಬಾಡಿಗೆಗಾಗಲಿ ಯಾವುದೇ ಬಗೆಯ ಪ್ರತಿಫಲಕ್ಕಾಗಲಿ ಹಾರುವಂತಿಲ್ಲ. "ಇಂಧನದ ಪಾಲೊಂದು ಬಿಟ್ಟು" ಎನ್ನುವ ಬಾಲ ಆ ಮಾತಿಗಿಲ್ಲ. ಅಮೆರಿಕದ ರೂಢಿಯನ್ನು ಇಲ್ಲಿಗೆ ಹೊತ್ತು ತರಬೇಡ. ಇಲ್ಲಿ ಗೆಳೆಯರನ್ನು ಹಾರಿಸಿದರೆ ಖರ್ಚೆಲ್ಲ ನಿನ್ನದೇ ಎಂದು ಮೊದಲೇ ಮನಸ್ಸು ಮಾಡಿಕೋ, ಅದನ್ನು ದಾಸೋಹ ಎಂದು ತಿಳಿ.

ದುಡ್ಡು ತೆಗೆದುಕೊಂಡು ಹಾರುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಮಗ್ಗುಲಲ್ಲೇ ಇದೆ. ದುಡಿಮೆಯನ್ನು ಹೀನವೆಂದು ಎಣಿಸಿದ ನೆಲ ಇದಲ್ಲ. ಹಾರಾಟವೇ ನಿನ್ನ ಕಾಯಕವಾಗಬೇಕು ಎನ್ನುವುದಾದರೆ ಅದಕ್ಕೆ ತಕ್ಕ ದೀಕ್ಷೆ ಪಡೆದುಕೋ. ಅಮೆರಿಕದಲ್ಲಿ ಸಾಮಾನ್ಯವಾಗಿ 250 ಗಂಟೆ, ಇಲ್ಲಿ 200 ಗಂಟೆ ಹಾರಿದವರಿಗೆ, ಪರೀಕ್ಷೆ ಮುಗಿಸಿದವರಿಗೆ ಕಮರ್ಷಿಯಲ್ ಲೈಸನ್ಸು ಸಿಗುತ್ತದೆ. ವೈದ್ಯಕೀಯ ತಪಾಸಣೆಯೂ ಹೆಚ್ಚು ಬಿಗಿ. ಜನರಿಗೆ ಟಿಕೆಟ್ ಮಾರಬೇಕಾದರೆ ಲೈಸನ್ಸಿನ ಜೊತೆಗೆ ಕಂಪನಿಗೂ ಪರವಾನಗಿ ಬೇಕು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಮಾಡಿದ್ದು ಹಾಗೆಯೇ. ಮೊದಲು ಬೆಂಗಳೂರಿನ ಜಕ್ಕೂರಿನಿಂದ ಬಾಡಿಗೆ ಹೆಲಿಕಾಪ್ಟರಿನ ಕಂಪನಿ, ಆಮೇಲೆ 2003ರಲ್ಲಿ ಏರ್ ಡೆಕ್ಕನ್. ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೂ ಅದರ ವಿಮಾನ ಬಂತು. ಸಾಮಾನ್ಯರು ವಿಮಾನ ಹತ್ತಬೇಕು ಎಂಬ ಅವರ ಆಸೆ ಎಷ್ಟು ದೊಡ್ಡದಿದ್ದರೂ ಪರ್ಮಿಟ್ಟಿನ ಒಂದು ಮೆಟ್ಟಿಲನ್ನೂ ಬಿಟ್ಟು ಹತ್ತುವ ಹಾಗಿರಲಿಲ್ಲ. ಆ ಮೆಟ್ಟಿಲು ಒಂದೊಂದೂ ಹಿಂದಿನ ಸೀಟಿನಲ್ಲಿ ಕೂತವನ ಜೀವಕ್ಕಾಗಿಯೇ ಇಟ್ಟದ್ದು.

ಹಾರಾಟದ ಖರ್ಚು ಕಂಡು ಬೇಸರ ಮಾಡಿಕೊಳ್ಳಬೇಡ. ಕ್ಲಬ್ಬಿನಲ್ಲಿ ಇನ್ನೊಬ್ಬ ಪೈಲಟ್‌ನ ಜೊತೆ ಸೇರಿ, ಹೋಗುವಾಗ ಒಬ್ಬ, ಬರುವಾಗ ಒಬ್ಬ ಹಾರಿಸಿ, ತಮ್ಮ ತಮ್ಮ ದಾರಿಯ ಬಾಡಿಗೆಯನ್ನು ತಾವೇ ಕೊಡುವವರು ಬಹಳ ಇದ್ದಾರೆ. ಪಕ್ಕದಲ್ಲಿ ಕೂತವನಿಗೂ ಹಾರಲು ಗೊತ್ತಿದ್ದರೆ ನಿನ್ನ ತಪ್ಪನ್ನು ಹಿಡಿಯುವ ಕಣ್ಣೊಂದು ಹೆಚ್ಚಿದಂತೆ. ತಿಂಗಳಿಗೆ ಒಂದು ಹಾರಾಟ ಕಡಿಮೆಯಾದರೂ ಚಿಂತೆಯಿಲ್ಲ, ಹಾರಿದ್ದು ಸ್ವಚ್ಛವಾಗಿರಲಿ.

ಕೊನೆಗೆ ನನ್ನದೊಂದು ಬೇಡಿಕೆ. ಮುಂದಿನ ಸಲ ರಜೆಗೆ ಬಂದಾಗ ನಾಲ್ಕು ದಿನ ನನಗೆ ಕೊಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಒಂದೊಂದು ದಿನ. ಅಲ್ಲಿಯ ಹೈಸ್ಕೂಲು, ಪಿಯು ಕಾಲೇಜಿನ ಮಕ್ಕಳ ಮುಂದೆ ನಿಂತು ಮಾತಾಡು. ಹತ್ತನೆಯ ತರಗತಿ ಪಾಸಾಗಿ 17 ತುಂಬಿದವರು ಭಾರತದಲ್ಲಿ ಖಾಸಗಿ ಲೈಸನ್ಸಿಗೆ ಹೋಗಬಹುದು, ಕನಿಷ್ಠ 40 ಗಂಟೆಯ ಹಾರಾಟ ಬೇಕು ಎಂದು ಹೇಳು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ ಎಂದು ತಿಳಿಸು. ಭೌತಶಾಸ್ತ್ರ, ಗಣಿತ ಯಾಕೆ ಬೇಕು ಎನ್ನುವುದನ್ನು ನಿನ್ನ ತೂಕದ ಲೆಕ್ಕದ ಹಾಳೆ ತೋರಿಸಿಯೇ ವಿವರಿಸು. ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸು. ಹಾರಾಟದಿಂದ ನಿನಗೆ ಬಂದ ತಿಳಿವಳಿಕೆಯನ್ನು ಎಷ್ಟು ಜನರಿಗೆ ಹಂಚಿದರೂ ಯಾವ ಕಾನೂನೂ ತಡೆಯುವುದಿಲ್ಲ.

ಕ್ಯಾನಿಯನ್‌ಗೆ ಹೊರಡುವ ಹಿಂದಿನ ದಿನ ತೂಕದ ಲೆಕ್ಕ, ಹವೆಯ ವರದಿ, ಹೊರಡುವ ಹೊತ್ತು ಮೂರನ್ನೂ ನನಗೆ ಕಳಿಸು. ನನ್ನ ಒಪ್ಪಿಗೆ ಬೇಕೆಂದಲ್ಲ, ತೀರ್ಮಾನ ನಿನ್ನದೇ. ಇನ್ನೊಬ್ಬರಿಗೆ ತೋರಿಸಬೇಕು ಎಂದಾಗ ಲೆಕ್ಕ ತಾನಾಗಿ ನಿಖರವಾಗುತ್ತದೆ. ಗೆಳೆಯರಿಗೆ ನನ್ನ ನೆನಪು ಹೇಳು. ಅವರ ತಂದೆ ತಾಯಿಯರ ಹೆಸರು, ಊರು ಬರೆದು ತಿಳಿಸು, ಆ ಕಡೆ ಹೋದಾಗ ಭೇಟಿಯಾಗಿ ಬರುತ್ತೇನೆ. ಅವರ ಮಕ್ಕಳನ್ನು ಯಾರ ಕೈಗೆ ಒಪ್ಪಿಸಿದ್ದಾರೆ ಎಂದು ಅವರಿಗೂ ತಿಳಿದಿರಲಿ.

ಹುಷಾರಾಗಿರು, ತಮ್ಮಾ. ಚೆನ್ನಾಗಿ ಹಾರು.

ಇಂತಿ ನಿನ್ನ ಪ್ರೀತಿಯ
ಕಾಕಾ